ಬೆಚ್ಚಿಬಿದ್ದ ಸೀರೆಗಳು

ಪುಸ್ತಕ ಚೆನ್ನಾಗಿದೆ ಎಂದು ಹೇಳುವುದಕ್ಕೆ ಓದುಗನ ಎರಡು ಕೈಗೂ ಬಿಡುವಿಲ್ಲದಿದ್ದರೆ ಅವನೇನು ಮಾಡಬೇಕು? ನೂಲಗುಡ್ಡದಲ್ಲಿ ಕಾಲಿನಿಂದ ಹೇಳುತ್ತಾರೆ. ಇದನ್ನು ಮೊದಲು ಕೇಳಿದಾಗ ನಮ್ಮ ಇಲಾಖೆಯ ದೊಡ್ಡವರೊಬ್ಬರು, "ಸರಸ್ವತಿಗೆ ಕಾಲು ತಾಗಿಸ್ತೀರೇನಮ್ಮಾ?" ಎಂದು ನನ್ನ ಮೇಲೆ ಹರಿಹಾಯ್ದಿದ್ದರು. ಈಗ ಬಂದ ಅತಿಥಿಗಳಿಗೆಲ್ಲ ತಾವೇ ಕಂಡುಹಿಡಿದವರಂತೆ ಅದನ್ನು ತೋರಿಸುತ್ತಾರೆ. ಇರಲಿ ಬಿಡಿ, ದೊಡ್ಡವರು.

ನಾನು ವಿಶಾಲಾಕ್ಷಿ, ತುಮಕೂರಿನವಳು. ಗ್ರಂಥಪಾಲಕಿಯಾಗಿ ನೂಲಗುಡ್ಡಕ್ಕೆ ವರ್ಗವಾಗಿ ಬಂದಾಗ ಊರಿನ ಓಣಿ ಓಣಿಯಲ್ಲೂ ಕೈಮಗ್ಗದ ಸದ್ದು. ನಮ್ಮ ಗ್ರಂಥಾಲಯದಲ್ಲಿ ಮಾತ್ರ ಪೂರ್ತಿ ನಿಶ್ಶಬ್ದ, ಏಕೆಂದರೆ ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. ಬರುವುದಾದರೂ ಹೇಗೆ? ನೇಕಾರರ ಕಣ್ಣು ನೂಲಿನ ಮೇಲೆ, ಕೈ ಲಾಳಿಯ ಮೇಲೆ, ಕಾಲು ತುಳಿಯುವ ಹಲಗೆಯ ಮೇಲೆ. ಹಗಲಿಡೀ ಬಿಡುವಾಗಿರುವುದು ಕಿವಿಯೊಂದೇ.

ಆ ಹೊತ್ತಿಗೆ ಎಲ್ಲ ಊರುಗಳ ಗ್ರಂಥಾಲಯಗಳಿಗೂ ಮಾತಾಡುವ ಗ್ರಂಥಸೂಚಿ ಬಂದಿತ್ತು. ಕೇಳಿದರೆ ಪುಸ್ತಕ ಹುಡುಕಿಕೊಡುತ್ತದೆ, ಬೇಕೆಂದರೆ ಗಟ್ಟಿಯಾಗಿ ಓದುತ್ತದೆ, ಓದುಗರ ಅನಿಸಿಕೆಗಳನ್ನು ಗ್ರಂಥಾಲಯದ ಪುಟದಲ್ಲಿ ಹಾಕಿ ಅವರ ಜೊತೆ ಹರಟೆಯನ್ನೂ ಹೊಡೆಯುತ್ತದೆ. ನಮ್ಮ ಊರಿನವರು ಅದಕ್ಕೆ ಸೂಚವ್ವ ಎಂದು ಹೆಸರಿಟ್ಟು ಮನೆಮಗಳನ್ನಾಗಿ ಮಾಡಿಕೊಂಡರು. ಪ್ರತಿ ಮಧ್ಯಾಹ್ನ ಊಟವಾದ ಮೇಲೆ ಅವಳು ಎಲ್ಲ ಮಗ್ಗದ ಮನೆಗಳಿಗೂ ಏಕಕಾಲಕ್ಕೆ ಒಂದು ಪುಸ್ತಕ ಓದಬೇಕು, ಯಾವ ಪುಸ್ತಕ ಎಂದು ಕೇಳುವವರೇ ಆರಿಸಬೇಕು ಎಂದು ನಾನು ಯೋಜನೆ ಹಾಕಿದೆ. ನಮ್ಮ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಮೌಲಾಲಿ ಪ್ರತಿ ಮಗ್ಗದ ಕಾಲು ಹಲಗೆಗೂ ಒಂದು ಕಾಸಿನಗಲದ ಬಿಲ್ಲೆ ಅಂಟಿಸಿಬಂದ. ಎರಡು ಸಲ ಬೇಗ ಬೇಗ ಒತ್ತಿದರೆ ಅದು ಮೆಚ್ಚುಗೆ. ಹೆಚ್ಚು ಮೆಚ್ಚುಗೆ ಬಂದ ಪುಸ್ತಕವೇ ಅಂದಿನ ಓದಿಗೆ. ಮೆಚ್ಚುಗೆ ತಲುಪಿತೆಂದು ಬಿಲ್ಲೆ ಕಾಲಿಗೆ ಒಂದು ಸಣ್ಣ ನಡುಕ ಕೊಟ್ಟು ತಿಳಿಸುತ್ತದೆ. ಅಷ್ಟೇ ಉಪಾಯ.

ಮೊದಲ ವಾರ ಇಡೀ ನೂಲಗುಡ್ಡ ಆರಿಸಿದ ಪುಸ್ತಕ ಕೋಳಿ ಸಾಕಣೆಯದು. ಬಂದ ಮೆಚ್ಚುಗೆಗಳನ್ನು ನೋಡಿ ನಾನು ಬೆರಗಾದೆ. ಮರುದಿನವೂ ಕೋಳಿ, ಅದರ ಮರುದಿನವೂ ಕೋಳಿ. ಮರಿಗಳಿಗೆ ಬರುವ ರೋಗಗಳ ಅಧ್ಯಾಯಕ್ಕೆ ಬಂದಷ್ಟು ಮೆಚ್ಚುಗೆ ಯಾವ ಮಹಾಕಾವ್ಯಕ್ಕೂ ಬಂದಿರಲಾರದು. ಕೊನೆಗೆ ನಾನೇ ಒಂದು ಬೆಳಿಗ್ಗೆ ಓಣಿಗೆ ಹೋಗಿ ನೋಡಿದಾಗ ಗುಟ್ಟು ತಿಳಿಯಿತು. ಪುಸ್ತಕಕ್ಕೆ ಸಂಬಂಧಪಟ್ಟ ಬಿಲ್ಲೆಯನ್ನು ಕಾಲಲ್ಲಿ ತುಳಿಯಬೇಕಲ್ಲ ಎಂದು ಎಲ್ಲರಿಗೂ ಒಳಗೊಳಗೇ ಅಳುಕು. ಆದ್ದರಿಂದ ಮಗ್ಗಕ್ಕೆ ಕೂರುವ ಮುಂಚೆ ಪ್ರತಿಯೊಬ್ಬರೂ ಬಿಲ್ಲೆಯನ್ನು ಎರಡು ಸಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ತಪ್ಪೊಪ್ಪಿಕೊಳ್ಳುತ್ತಿದ್ದರು. ಸೂಚವ್ವ ಅದನ್ನು ಮೆಚ್ಚುಗೆ ಎಂದು ಎಣಿಸಿ, ಪುಸ್ತಕಗಳ ಪಟ್ಟಿಯಲ್ಲಿ ಮೊದಲಿಗಿದ್ದ ಕೋಳಿಗೆ ಹಾಕುತ್ತಿದ್ದಳು.

"ಮತ್ತೆ ನೀವ್ಯಾರೂ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಸರ್ಕಾರದ್ದು ಇರಬೇಕಂತ ಸುಮ್ಮನಿದ್ವಿ ನೋಡ್ರಿ ಅಕ್ಕಾರ," ಎಂದರು ಸಾವಂತ್ರೆವ್ವ ಎಂಬ ನೇಕಾರ ಹೆಂಗಸು. "ನಮ್ಮ ಮಗ್ಗಲ ಮನಿಯಾಕಿ ನಾಕು ಕೋಳಿ ತಂದು ಬಿಟ್ಟಾಳ."

ಮೌಲಾಲಿ ಬೆಳಗಿನ ನಮಸ್ಕಾರ ಎಣಿಕೆಗೆ ಸಿಗದಂತೆ ಸರಿಪಡಿಸಿದ. ಆಮೇಲೆ ನಿಜವಾದ ಆಯ್ಕೆ ನಡೆದು 'ಬಾವಿ ಮನೆಯ ಬೀಗದಕೈ' ಎಂಬ ಪತ್ತೇದಾರಿ ಕಾದಂಬರಿ ಭಾರಿ ಬಹುಮತದಿಂದ ಗೆದ್ದಿತು. ದೊಡ್ಡ ಮನೆಯ ಯಜಮಾನ ಹಬ್ಬದ ದಿನ ಸಿಹಿ ಹುಗ್ಗಿ ಉಂಡು ಸಾಯುತ್ತಾನೆ. ವಿಷ ಹಾಕಿದವರು ಯಾರು ಎಂಬುದೇ ಕತೆ. ಓಣಿಯಲ್ಲಿ ಮಧ್ಯಾಹ್ನದ ನಿದ್ದೆ ನಿಂತುಹೋಯಿತು. ನಮ್ಮ ಪುಟದಲ್ಲಿ ಅಡುಗೆಯವಳ ಪರ ಒಂದು ಗುಂಪು, ವಿರುದ್ಧ ಇನ್ನೊಂದು ಗುಂಪು ಹುಟ್ಟಿ ಸೂಚವ್ವ ಎರಡೂ ಗುಂಪಿನವರನ್ನು ಸಮಾಧಾನ ಮಾಡಿ ಸೋತಳು. ನನಗಂತೂ ಆಕಾಶ ಮೂರೇ ಗೇಣು.

ಆಗ ನೇಕಾರರ ಸಂಘದಿಂದ ಹೊಸಮನಿಯವರು ಬಂದರು. ಸೀರೆಗಳನ್ನು ಪರೀಕ್ಷಿಸಿ ಒಪ್ಪುವ, ತಳ್ಳುವ ಕೆಲಸ ಅವರದು. ಬಗಲಲ್ಲಿ ಒಂದು ಹೊರೆ ಸೀರೆ, ಮುಖದಲ್ಲಿ ಒಂದು ಹೊರೆ ಸಿಟ್ಟು.

"ಅಕ್ಕಾರ, ಇವನ್ನ ಬೆಳಕಿಗೆ ಹಿಡದು ನೋಡ್ರಿ. ಇಲ್ಲೆ ನೇಯ್ಗಿ ದಟ್ಟ ಆಗೇತಿ, ಇಲ್ಲೆ ಸಡಲ ಆಗೇತಿ. ಒಬ್ರದಲ್ಲ, ಓಣಿ ಮಂದೀದೆಲ್ಲಾ ಹಿಂಗ. ನಿಮ್ಮ ಸೂಚವ್ವ ಬಾಯಿ ತಗದಾಗಿಂದ ಸೀರಿ ಕೆಡಾಕತ್ತಾವು. ಓದೂದು ನಿಲ್ಲಿಸ್ರಿ."

ಆಮೇಲೆ ಬೇರೆಯಾಗಿ ಇಟ್ಟುಕೊಂಡಿದ್ದ ಒಂದು ಸೀರೆಯನ್ನು ಹರವಿದರು. ಒಂದೇ ಒಂದು ಕುಂದಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಒಂದೇ ಹದ. "ಇದು ಮುರಿಗೆಪ್ಪಂದು. ನೇಯ್ದರ ಹಿಂಗ ನೇಯಬೇಕು," ಎಂದರು.

ಮುರಿಗೆಪ್ಪನವರು ಸಾವಂತ್ರೆವ್ವನ ಗಂಡ. ಹುಟ್ಟಿನಿಂದ ಕಿವಿ ಕೇಳದವರು. ಸೂಚವ್ವ ಓದುವ ಹೊತ್ತಿನಲ್ಲಿ ಇಡೀ ಓಣಿಯಲ್ಲಿ ಕದಲದೆ ನೇಯುತ್ತಿದ್ದವರು ಅವರೊಬ್ಬರೇ.

ಮೌಲಾಲಿ ಸೀರೆಗಳನ್ನು ಹಿಂದಿನ ಕೋಣೆಗೆ ಒಯ್ದ. ಪುಸ್ತಕಗಳ ಹಾಳೆಗಳ ಚಿತ್ರ ತೆಗೆಯುವ ನಮ್ಮ ಯಂತ್ರದ ಕೆಳಗೆ ಒಂದೊಂದನ್ನಾಗಿ ಹಾಯಿಸಿ, ಎಳೆಗಳು ಎಲ್ಲಿ ಒತ್ತಾಗಿವೆ, ಎಲ್ಲಿ ಬಿಡಿಯಾಗಿವೆ ಎಂದು ಗೆರೆ ಎಳೆಸಿದ. ಪರದೆಯ ಮೇಲೆ ಗುಡ್ಡ ತಗ್ಗುಗಳ ಸಾಲು ಮೂಡಿತು. ಒಬ್ಬರ ಸೀರೆಯಲ್ಲಿ ಅದು ಸೆರಗಿನ ಹತ್ತಿರ, ಇನ್ನೊಬ್ಬರದರಲ್ಲಿ ಮೈ ನಡುವೆ. ಆದರೆ ಏರಿಳಿತದ ಕ್ರಮ ಎಲ್ಲದರಲ್ಲೂ ಒಂದೇ.

"ಅಕ್ಕಾರ, ಒಂದೀಟು ಇಲ್ಲಿ ಬರ್ರಿ," ಎಂದು ಕೂಗಿದ. ಬಿಲ್ಲೆಗಳು ಕಳಿಸಿದ ಕಾಲಿನ ಬಡಿತವನ್ನೂ ಸೂಚವ್ವ ಓದಿದ ಸಾಲುಗಳನ್ನೂ ಆ ಗೆರೆಯ ಪಕ್ಕದಲ್ಲಿ ಕೂರಿಸಿದ್ದ. ಬಾವಿಯಲ್ಲಿ ಬೀಗದಕೈ ಸಿಕ್ಕ ಸಾಲಿನಲ್ಲಿ ಎಲ್ಲರ ಕೈಯೂ ಬಿಗಿದು, ಎಳೆಗಳನ್ನು ಒತ್ತಿ ಕೂರಿಸುವ ಹಣಿಗೆ ಜೋರಾಗಿ ಬಡಿದು ನೇಯ್ಗೆ ದಟ್ಟವಾಗಿತ್ತು. ಅಡುಗೆಯವಳು ಪೊಲೀಸಪ್ಪನನ್ನು ಸೌಟು ಹಿಡಿದು ಅಟ್ಟಿಸಿಕೊಂಡು ಹೋದಲ್ಲಿ ನಗುವಿಗೆ ಕೈ ಸಡಿಲಾಗಿತ್ತು. ಸೀರೆಗಳು ಕೆಟ್ಟಿರಲಿಲ್ಲ. ಕತೆ ಕೇಳಿ ಬೆಚ್ಚಿಬಿದ್ದಿದ್ದವು.

ನನ್ನ ಹಿಂದೆಯೇ ಬಂದಿದ್ದ ಹೊಸಮನಿಯವರು ಪರದೆಯನ್ನು ದಿಟ್ಟಿಸುತ್ತಾ, ದಟ್ಟವಾದ ಇನ್ನೊಂದು ಜಾಗಕ್ಕೆ ಬೆರಳಿಟ್ಟು ಕೇಳಿದರು: "ಇದು ಯಾವುದು? ಕಿಟಕ್ಯಾಗ ಕೈ ಕಂಡಿದ್ದೇನು?"

"ನಿಮಗೆ ಹೇಗೆ ಗೊತ್ತು ಸರ್?"

"ಮನ್ಯಾಗ ಹೆಂಗಸ್ರು ಹಚ್ಚಿರ್ತಾರ್ರಿ, ಕಿವಿಗೆ ಬೀಳ್ತೈತಿ," ಎಂದು ಗಂಟಲು ಸರಿಪಡಿಸಿಕೊಂಡರು. ಅವರು ನಮ್ಮ ಪುಟದಲ್ಲಿ ಬೇರೆ ಹೆಸರಿನಿಂದ ಅಡುಗೆಯವಳ ಪರ ವಾದಿಸುತ್ತಿದ್ದವರಲ್ಲಿ ಮುಂದಾಳು ಎಂದು ನನಗೆ ಆಗಲೇ ಅನುಮಾನ ಬಂತು.

ಆ ಸಂಜೆ ಮೌಲಾಲಿ ಸೀರೆಗಳ ಚಿತ್ರವನ್ನೂ ಕತೆಯ ಸಾಲುಗಳನ್ನೂ ಅಕ್ಕಪಕ್ಕ ಇಟ್ಟು ಗ್ರಂಥಾಲಯದ ಪುಟದಲ್ಲಿ ಹಾಕಿದ. ನೋಡನೋಡುತ್ತಿದ್ದಂತೆ ಅದು ಊರೂರು ಸುತ್ತಿಬಂತು. ಬಾವಿಯ ಅಧ್ಯಾಯದ ಸೀರೆ ಎಲ್ಲಿ ಸಿಗುತ್ತದೆ ಎಂದು ಕೇಳಿದವರೆಷ್ಟೋ. ಒಬ್ಬ ಮದುಮಗಳು, "ಮದುವೆಗೆ ಉಡಬೇಕು, ಕೊಲೆ ಇಲ್ಲದ ಅಧ್ಯಾಯ ಇದೆಯೇ?" ಎಂದು ವಿಚಾರಿಸಿದಳು. ಸೂಚವ್ವ ಬಹಳ ಗಂಭೀರವಾಗಿ, ನಾಲ್ಕನೆಯ ಅಧ್ಯಾಯದಲ್ಲಿ ಬರೀ ಊಟವಿದೆ ಎಂದು ಉತ್ತರಿಸಿದಳು. ಸಂಘದವರು ಸಭೆ ಸೇರಿ, ಇಂಥವನ್ನು 'ಕತೆ ಸೀರೆ' ಎಂದು ಬೇರೆ ದರ್ಜೆ ಮಾಡಿ ಒಪ್ಪುವುದೆಂದು ತೀರ್ಮಾನಿಸಿದರು. ನಾವು ಅವನ್ನು ಗ್ರಂಥಸೂಚಿಗೇ ಸೇರಿಸಿದೆವು. ಸೀರೆಯ ಮುಂದೆ ಫೋನ್ ಹಿಡಿದರೆ ಸೂಚವ್ವ ಎಳೆಗಳನ್ನು ನೋಡಿ ಪುಸ್ತಕದ ಹೆಸರು, ಅಧ್ಯಾಯ, ನೇಯ್ದವರ ಹೆಸರು ಹೇಳಿ, ಆ ಭಾಗವನ್ನು ಓದಿಯೂ ಬಿಡುತ್ತಾಳೆ. ಒಂದೇ ಪುಸ್ತಕದ ಅಷ್ಟೊಂದು ಪ್ರತಿಗಳು, ಎಲ್ಲಕ್ಕೂ ದಡಿ ಸೆರಗು ಬೇರೆ ಬೇರೆ.

ಎಲ್ಲರಿಗೂ ಹಬ್ಬ. ಅಂಥ ಹೊತ್ತಿನಲ್ಲಿ ಮುರಿಗೆಪ್ಪನವರು ಹೆಂಡತಿಯನ್ನು ಕರೆದುಕೊಂಡು ಗ್ರಂಥಾಲಯಕ್ಕೆ ಬಂದು, ಹೊಸದಾಗಿ ನೇಯ್ದ ಸೀರೆಯನ್ನು ನನ್ನ ಮೇಜಿನ ಮೇಲೆ ದೊಪ್ಪೆಂದು ಹಾಕಿದರು. ಮೊದಲಿನಂತೆಯೇ ಕುಂದಿಲ್ಲದ ಸೀರೆ. ಅವರ ಮುಖ ಮಾತ್ರ ಕೆಂಪಾಗಿತ್ತು. ಕೈಗಳು ಚಟಪಟ ಸನ್ನೆ ಮಾಡಿದವು.

"ಏನಂತಾರೆ?" ಎಂದೆ.

ಸಾವಂತ್ರೆವ್ವ ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದರು. "ತಮ್ಮ ಸೀರೀನೂ ಕೆಡಬೇಕಂತ್ರಿ," ಎಂದರು.

ಮರುದಿನ ನಾನೂ ಮೌಲಾಲಿಯೂ ಅವರ ಮನೆಗೆ ಹೋದೆವು. ಪಡಸಾಲೆಯಲ್ಲಿ ಅಕ್ಕಪಕ್ಕದಲ್ಲಿ ಎರಡು ಮಗ್ಗ, ಒಂದು ಗಂಡನದು, ಒಂದು ಹೆಂಡತಿಯದು. ಸಾವಂತ್ರೆವ್ವ ಚಹಾ ಕಾಸಲು ಎದ್ದರೆ ಮುರಿಗೆಪ್ಪನವರು ಆಕೆಯ ಮಗ್ಗದ ಹತ್ತಿರ ಹೋಗಿ ನೇಯ್ದ ಬಟ್ಟೆಯ ಮೇಲೆ ಬೆರಳಾಡಿಸಿ, ಒಂದು ಕಡೆ ನಿಲ್ಲಿಸಿ, ಹುಬ್ಬೆತ್ತಿ ಹೆಂಡತಿಯನ್ನು ನೋಡಿದರು.

"ಇದು ದಿನಾ ಇದ್ದದ್ದ ನೋಡ್ರಿ. ಇಲ್ಲಿ ಯಾಕ ನಕ್ಕಿ, ಇಲ್ಲಿ ಯಾಕ ಹೆದರಿದಿ ಅಂತ ಕೇಳೂದು. ನಾ ಸಂಜಿಮುಂದ ಸನ್ನಿ ಮಾಡಿ ಹೇಳಿದ್ರ, ಇಷ್ಟಕ್ಕೇನ ನಗತೀರಿ ಅಂತ ನನಗ ಬೈಯೂದು."

ಮುರಿಗೆಪ್ಪನವರಿಗೆ ಓದಲು ಚೆನ್ನಾಗಿ ಬರುತ್ತದೆ. ಕಿವುಡರ ಶಾಲೆಯಲ್ಲಿ ಕಲಿತವರು. ಅಷ್ಟೇಕೆ, ಆ ಕಾದಂಬರಿಯ ಪ್ರತಿಯನ್ನು ಮೊದಲ ದಿನವೇ ನನ್ನಿಂದ ಎರವಲು ಪಡೆದು ಮುಗಿಸಿದ್ದರು. ಅದನ್ನು ನೆನಪಿಸಿದಾಗ ಅವರು ಎರಡೂ ಕೈ ಎತ್ತಿ ನಿಧಾನವಾಗಿ ಹೇಳಿದ್ದನ್ನು ಸಾವಂತ್ರೆವ್ವ ಮಾತಾಗಿಸಿದರು.

"ಕತಿ ನಾ ಓದೇನಿ. ಕೊಲಿ ಮಾಡಿದಾವ ಯಾರಂತ ಈ ಓಣ್ಯಾಗ ನನಗೊಬ್ಬಗ ಗೊತ್ತೈತಿ. ಆದ್ರ ಒಬ್ಬಾವ ಕುಂತು ಬೆಚ್ಚಿಬೀಳೂದು ಬ್ಯಾರೆ, ಎಲ್ಲಾರ ಕೂಡ ಬೆಚ್ಚಿಬೀಳೂದು ಬ್ಯಾರೆ. ಮಂದಿ ನನ್ನ ಸೀರಿ ಹೊಗಳಿದಾಗೆಲ್ಲಾ, ನೀ ಹೊರಗಿನಾವ ಅಂದಂಗ ಆಗತೈತಿ."

ಇಷ್ಟು ಹೇಳಿ ಸಾವಂತ್ರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಓದಿ ಹೇಳುವ ಯಂತ್ರ ತಂದು ಇಡೀ ಊರನ್ನು ಒಂದು ಮಾಡಿದೆ ಎಂದು ನಾನು ಬೀಗುತ್ತಿದ್ದೆ. ಈ ಮನೆಯ ಪಡಸಾಲೆಯಲ್ಲೇ ಒಂದು ಮಗ್ಗವನ್ನು ಹೊರಗೆ ಬಿಟ್ಟಿದ್ದೆ.

ಮೌಲಾಲಿ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಬೀಡುಬಿಟ್ಟ. ನೇಯುವವರ ಕಣ್ಣು ಎಲ್ಲಿರುತ್ತದೆ? ಹಣಿಗೆ ಬಂದು ಬಡಿಯುವ ಅಂಚಿನಲ್ಲಿ, ಈಗಷ್ಟೇ ಬಟ್ಟೆಯಾದ ಜಾಗದಲ್ಲಿ. ಅಲ್ಲಿಗೇ ಅಕ್ಷರ ಬೀಳಬೇಕು. ಒಂದು ಪುಟ್ಟ ದೀಪದ ಯಂತ್ರವನ್ನು ಮಗ್ಗದ ಮೇಲ್ಗಡೆ ಕಟ್ಟಿ, ಸೂಚವ್ವ ಓದುವ ಸಾಲು ಅದೇ ಗಳಿಗೆಯಲ್ಲಿ ಬಟ್ಟೆಯ ಮೇಲೆ ಬೆಳಕಾಗಿ ಮೂಡುವಂತೆ ಮಾಡಿದ. ನೋಡಲು ಬಲು ಚಂದ. ಲಾಳಿ ಓಡಿದಂತೆಲ್ಲ ವಾಕ್ಯಗಳು ಬಟ್ಟೆಯ ಮೇಲೆ ಹರಿದು ಹೋಗುತ್ತಿದ್ದವು. ಓಣಿಯ ಮಂದಿಯೆಲ್ಲ ಬಂದು ಕಿಟಕಿಯಲ್ಲಿ ನಿಂತು ನೋಡಿದರು.

ಆ ವಾರದ ಸೀರೆಯನ್ನು ಪರೀಕ್ಷಿಸಿದರೆ ಪರದೆಯ ಮೇಲಿನ ಗೆರೆ ನೆಲ ಒರೆಸಿದಂತೆ ಸಪಾಟು. ಒಂದು ಗುಡ್ಡವಿಲ್ಲ, ಒಂದು ತಗ್ಗಿಲ್ಲ.

ಮುರಿಗೆಪ್ಪನವರು ನಾಚಿಕೆಯಿಂದ ಕೈ ಆಡಿಸಿದರು. ಸಾವಂತ್ರೆವ್ವ ಹೇಳಿದರು: "ಓದಿದ್ನೇನೋ ಖರೆ. ಆದ್ರ ಮತ್ತ ಒಬ್ಬನ ಓದಿದಂಗಾತು ಅಂತಾರ. ಮಂದಿ ಎಲ್ಲಿದ್ರು ಅಂತ ಕೇಳಾಕತ್ತಾರ."

ಮೌಲಾಲಿ ಹಣೆ ಚಚ್ಚಿಕೊಂಡ. "ಮಂದಿ ಇದ್ದಾರಲ್ಲ ಅಕ್ಕಾರ! ಎಲ್ಲಾರ ಕಾಲೂ ನಮ್ಮ ಹಂತ್ಯಾಕ ಅದಾವು!" ಎಂದು ಎದ್ದು ಓಡಿದ.

ನಿಜವಾಗಿ ಅದು ಕಣ್ಣೆದುರಿಗೇ ಇತ್ತು. ಬಿಲ್ಲೆಗಳು ಓಣಿಯ ಕಾಲುಗಳ ಬಡಿತವನ್ನು ನಮಗೆ ಕಳಿಸುತ್ತಿದ್ದವು. ಅದನ್ನು ಮರಳಿ ಯಾರಿಗೂ ಕಳಿಸುತ್ತಿರಲಿಲ್ಲ, ಅಷ್ಟೇ. ಮೆಚ್ಚುಗೆ ತಲುಪಿತೆಂದು ಹೇಳುವ ಆ ಸಣ್ಣ ನಡುಕವನ್ನೇ ಹಿಗ್ಗಿಸಿ, ಓಣಿಯ ಎಲ್ಲ ಹಲಗೆಗಳ ಬಡಿತವನ್ನು ಮುರಿಗೆಪ್ಪನವರ ಒಂದು ಹಲಗೆಗೆ ಹರಿಸಿದ. ಮಂದಿ ಸಮನಾಗಿ ನೇಯುತ್ತಿದ್ದರೆ ಹಲಗೆ ನಿದ್ದೆಯಲ್ಲಿರುವ ಬೆಕ್ಕಿನಂತೆ ಗುರುಗುಟ್ಟುತ್ತದೆ. ಎಲ್ಲರೂ ಉಸಿರು ಬಿಗಿಹಿಡಿದರೆ ಗಕ್ಕನೆ ನಿಲ್ಲುತ್ತದೆ. ಮೆಚ್ಚುಗೆ ಬಂದರೆ ಪುಟಿಯುತ್ತದೆ.

ಹಾಕಿದ ದಿನ ನಾನು ಅಲ್ಲೇ ಇದ್ದೆ. ಅಂದಿನ ಓದಿನಲ್ಲಿ ಸತ್ತವನ ಮನೆಗೆ ಊರಿನ ವಕೀಲರು ದುಃಖ ವಿಚಾರಿಸಲು ಬಂದು ಚಹಾ ಕುಡಿದು ಹೋಗುತ್ತಾರೆ. ಆಮೇಲೆ ಮಾಳಿಗೆಯ ಮೇಲೆ ಹೆಜ್ಜೆಯ ಸಪ್ಪಳ. ಆ ಸಪ್ಪಳಕ್ಕೆ ಓಣಿಯ ಮಗ್ಗಗಳು ತಡವರಿಸಿದವು. ಮುರಿಗೆಪ್ಪನವರ ಹಲಗೆ ಕಾಲಡಿಯಲ್ಲೇ ಸ್ತಬ್ಧವಾಯಿತು. ಕತೆಯೆಲ್ಲ ಗೊತ್ತಿದ್ದ ಮನುಷ್ಯ ಮಗ್ಗದಲ್ಲಿ ಕೂತಲ್ಲೇ ಹೌಹಾರಿ, ಹಣಿಗೆಯನ್ನು ಧಡ್ ಎಂದು ಬಡಿದು, ಹೆಂಡತಿಯ ಕಡೆ ತಿರುಗಿದರು. ಆಕೆಯೂ ಅದೇ ಗಳಿಗೆಯಲ್ಲಿ ಬೆಚ್ಚಿ ಇವರ ಕಡೆ ತಿರುಗಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಕ್ಕಳ ಹಾಗೆ ನಕ್ಕರು. ಅವರು ಹಾಗೆ ಕೂಡಿ ನಕ್ಕಿದ್ದನ್ನು ನೋಡಿ ನನಗೆ ಆದ ಸಂತೋಷ ಹೇಳತೀರದು.

ಕಾದಂಬರಿ ಮುಗಿಯಿತು. ಕೊಲೆಗಾರ ಆ ವಕೀಲನೇ ಎಂದು ಗೊತ್ತಾದ ದಿನ ಊರೆಲ್ಲ ಗುಲ್ಲೋ ಗುಲ್ಲು. ನಮ್ಮ ಪುಟದಲ್ಲಿ ಅಡುಗೆಯವಳ ಪರದ ಗುಂಪಿನವರು ವಿಜಯೋತ್ಸವ ಆಚರಿಸಿದರು. ಅದಾದ ಮೇಲೆ ಹೊಸಮನಿಯವರು ಸೀರೆ ಪರೀಕ್ಷೆಗೆ ಓಣಿಗೇ ಬಂದರು. ಮುರಿಗೆಪ್ಪನವರ ಮನೆಯ ಕಟ್ಟೆಯ ಮೇಲೆ ಜನ ಸೇರಿದರು. ಮುರಿಗೆಪ್ಪನವರು ಕೈ ಹಿಸುಕಿಕೊಳ್ಳುತ್ತಾ ಗೋಡೆಗೆ ಒರಗಿ ನಿಂತರು.

ಹೊಸಮನಿಯವರು ಯಂತ್ರವನ್ನು ನೆಚ್ಚುವವರಲ್ಲ. ಸೀರೆಯನ್ನು ಬೆಳಕಿಗೆ ಹಿಡಿದು ಬೆರಳಾಡಿಸುತ್ತಾ ಬಂದು ಒಂದು ಕಡೆ ನಿಂತರು. "ಮಾಳಿಗಿ ಮ್ಯಾಲಿನ ಸಪ್ಪಳ," ಎಂದರು. "ದಟ್ಟ ಆಗೇತಿ. ಬೆಚ್ಚಿಬಿದ್ದಾನ ನಮ್ಮ ಮುರಿಗೆಪ್ಪ! ಸೀರಿ ಕೆಟ್ಟೈತಿ!" ಜನ ಕೇಕೆ ಹಾಕಿದರು. ಸಾವಂತ್ರೆವ್ವ ಆ ಮಾತನ್ನು ಸನ್ನೆಯಲ್ಲಿ ದಾಟಿಸಿದ್ದೇ ತಡ, ಮುರಿಗೆಪ್ಪನವರು ಒಳಗೆ ಹೋಗಿ ಬೆಲ್ಲದ ಡಬ್ಬಿ ತಂದು ಸಿಕ್ಕಿದವರ ಬಾಯಿಗೆಲ್ಲ ಬೆಲ್ಲ ಹಾಕತೊಡಗಿದರು.

"ತಡೀರಿ, ತಡೀರಿ," ಎಂದರು ಹೊಸಮನಿಯವರು, ಬಾಯಲ್ಲಿ ಬೆಲ್ಲವಿದ್ದಂತೆಯೇ. ಅವರ ಬೆರಳು ಹಿಂದಕ್ಕೆ ಸರಿದು, ಹೆಜ್ಜೆ ಸಪ್ಪಳಕ್ಕಿಂತ ಸ್ವಲ್ಪ ಮುಂಚಿನ ಒಂದು ಜಾಗದಲ್ಲಿ ನಿಂತಿತ್ತು. "ಇಲ್ಲೆ ಸಡಲ ಐತಿ. ಇಲ್ಲೆ ನಕ್ಕಾನ. ಇದು ಮತ್ಯಾರ ಸೀರ್ಯಾಗೂ ಇಲ್ಲ."

ಎಲ್ಲರೂ ತಮ್ಮ ತಮ್ಮ ಸೀರೆ ತಂದು ನೋಡಿಕೊಂಡರು. ನಿಜ, ಯಾರದರಲ್ಲೂ ಇಲ್ಲ. ಮುರಿಗೆಪ್ಪನವರನ್ನು ಕೇಳಿದರೆ ಅವರು ಹೆಂಡತಿಗೆ ಸನ್ನೆ ಮಾಡುತ್ತಾ ಮಾಡುತ್ತಾ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡರು.

"ವಕೀಲ ಚಾ ಕುಡದದ್ದಂತ್ರಿ," ಎಂದರು ಸಾವಂತ್ರೆವ್ವ. "ಹಬ್ಬದ ದಿನ ಅವಗ ಹುಗ್ಗಿ ಬಡಸಾಕ ಬಂದಾಗ, ನನಗ ಸಕ್ಕರಿ ಬ್ಯಾನಿ ಐತಿ, ಬ್ಯಾಡ ಅಂದಿದ್ನಲ್ಲ? ಸತ್ತವರ ಮನಿಗೆ ಬಂದು ಚಾದಾಗ ಮತ್ತ ಮತ್ತ ಸಕ್ಕರಿ ಹಾಕಿಸ್ಕೊಂಡ. ಅಲ್ಲೇ ಸಿಕ್ಕಿಬಿದ್ದಿದ್ದ. ಇವರಿಗೆ ಗೊತ್ತಿತ್ತು. ನೀವೆಲ್ಲಾರೂ ಅದನ್ನ ಕೇಳಿನೂ ಏನೂ ತಿಳೀಲಾರದ ಸಂಭಾವಿತರಂಗ ಕಾಲು ಬಡೀತಿದ್ರಂತ. ನಿಮ್ಮ ಕಾಲಿನ ಬಡಿತ ಕಂಡು ನಗಿ ತಡೀಲಿಲ್ಲಂತ!"

ಹೊಸಮನಿಯವರ ಮುಖ ನೋಡುವಂತಿತ್ತು. ವಾರಗಟ್ಟಲೆ ಪುಟದಲ್ಲಿ ವಾದ ಮಾಡಿದ ಮನುಷ್ಯ. "ಹೌದಲ್ಲೋ!" ಎಂದು ಯಾರೋ ಕೂಗಿದರು. ಆಮೇಲೆ ಎಲ್ಲರೂ ಒಟ್ಟಿಗೆ, ಆ ಸಾಲು ಇನ್ನೊಮ್ಮೆ ಕೇಳಬೇಕು, ಈಗಲೇ ಕೇಳಬೇಕು, ಮಗ್ಗದಲ್ಲೇ ಕೂತು ಕೇಳಬೇಕು ಎಂದು ಮನೆಗಳಿಗೆ ಓಡಿದರು. ನಾನು ಸೂಚವ್ವನಿಗೆ ಹೇಳಿದೆ. ಮುರಿಗೆಪ್ಪನವರೂ ತಮ್ಮ ಮಗ್ಗದಲ್ಲಿ ಕೂತು ಹಲಗೆಯ ಮೇಲೆ ಕಾಲಿಟ್ಟರು.

ಓಣಿಯ ಮಗ್ಗಗಳು ಲಟಪಟ ಎಂದು ಶುರುವಾದವು. ಸೂಚವ್ವ ಅಡ್ಡಿಯಿಲ್ಲದೆ ಓದಿದಳು. ಬಟ್ಟೆಯ ಮೇಲೆ ಅದೇ ಸಾಲು ಬೆಳಕಾಗಿ ಹರಿಯಿತು: 'ವಕೀಲರು ಕಣ್ಣೊರೆಸಿಕೊಂಡು, ಕಪ್ಪನ್ನು ಮುಂದೆ ಚಾಚಿ, ಇನ್ನೊಂದು ಚಮಚ ಸಕ್ಕರೆ ಎಂದರು.'

ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಆಮೇಲೆ ಆ ತುದಿಯ ಮನೆಯಿಂದ ನಗು ಹೊರಟಿತು, ಪಕ್ಕದ ಮನೆ ಹಿಡಿಯಿತು, ಎದುರು ಮನೆ ಹಿಡಿಯಿತು, ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತು. ಹೊಸಮನಿಯವರಂತೂ ಕಟ್ಟೆಯ ಮೇಲೆ ಕೂತು ತೊಡೆ ತಟ್ಟಿಕೊಂಡು ನಕ್ಕರು. ನಾನು ಮುರಿಗೆಪ್ಪನವರನ್ನೇ ನೋಡುತ್ತಿದ್ದೆ. ಅವರು ತಲೆ ತಗ್ಗಿಸಿ ಕಾಲಡಿಯ ಹಲಗೆಯನ್ನು ದಿಟ್ಟಿಸುತ್ತಿದ್ದರು. ಮೊದಲು ಹಲಗೆ ಸುಮ್ಮನಾಯಿತು. ಆಮೇಲೆ ಒಂದು ಮೆಚ್ಚುಗೆ ಪುಟಿಯಿತು, ಇನ್ನೊಂದು ಪುಟಿಯಿತು, ಹಿಂದೆಯೇ ಓಣಿಯ ಎಲ್ಲ ಕಾಲುಗಳ ಮೆಚ್ಚುಗೆ ಒಟ್ಟಿಗೆ ನುಗ್ಗಿ ಹಲಗೆ ಗಡಗಡ ನಡುಗತೊಡಗಿತು.

ಎಲ್ಲರೂ ನಗುತ್ತಿದ್ದಾರೆ ಎಂದು ಹೇಳಲು ಸಾವಂತ್ರೆವ್ವ ಕೈ ಎತ್ತಿದರು. ಮುರಿಗೆಪ್ಪನವರು ಹೇಳುವುದು ಬೇಡವೆಂದು ಆಕೆಯ ಕೈ ಹಿಡಿದು ಕೆಳಗಿಳಿಸಿ, ತಮ್ಮ ಕಾಲಿನ ಕಡೆ ತೋರಿಸಿದರು.